ಲೆಕ್ಕದ ಪುಸ್ತಕಕ್ಕಾಗಿ ಹುಡುಗರನ್ನು ಮಾರುವುದು ಬೇಡ

ಸಂಪಾದಕರಿಗೆ,

ಮಾನ್ಯರೇ,

ಫುಟ್‌ಬಾಲ್ ಕ್ಲಬ್‌ಗಳು ತಮ್ಮ ಅಕಾಡೆಮಿಯಲ್ಲಿ, ಅಂದರೆ ಎಳೆಯರ ತರಬೇತಿ ಶಾಲೆಯಲ್ಲಿ, ಬೆಳೆದ ಆಟಗಾರರಿಗೆ ಒಳ್ಳೆಯ ಬೆಲೆ ಬಂದಾಗ ಮಾರಿಬಿಡಬೇಕು, ಬಂದ ಹಣದಲ್ಲಿ ಅನುಭವಿಗಳನ್ನು ತಂದು ತಂಡವನ್ನು ಭದ್ರ ಮಾಡಿಕೊಳ್ಳಬೇಕು ಎಂಬ ವಾದ ಈಚೆಗೆ ನಿಮ್ಮ ಕ್ರೀಡಾಪುಟದಲ್ಲಿ ಪ್ರಕಟವಾಗಿತ್ತು. ನಾನು ವೃತ್ತಿಯಿಂದ ಲೆಕ್ಕಪತ್ರಗಳನ್ನು ನೋಡುವವನು. ಇಪ್ಪತ್ತು ವರ್ಷಗಳಿಂದ ವಾರಾಂತ್ಯದ ರಾತ್ರಿಗಳನ್ನು ಈ ಆಟಕ್ಕೆ ಕೊಟ್ಟವನೂ ಹೌದು. ಈ ಎರಡೂ ಕಾರಣಗಳಿಂದ ಆ ವಾದವನ್ನು ಒಪ್ಪಲು ನನಗೆ ಸಾಧ್ಯವಾಗಲಿಲ್ಲ. ಇಂದು ಎಷ್ಟೋ ಹುಡುಗರು ಮಾರಾಟವಾಗುತ್ತಿರುವುದು ಅವರ ಆಟ ಸಾಲದೆಂದಲ್ಲ, ತಂಡಕ್ಕೆ ಅವರು ಬೇಡವೆಂದೂ ಅಲ್ಲ. ಕ್ಲಬ್‌ನ ಪುಸ್ತಕದಲ್ಲಿ ಅವರ ಬೆಲೆ ಸೊನ್ನೆ ಎಂದು ಬರೆದಿರುವುದೇ ಅದಕ್ಕೆ ಕಾರಣ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ಒಂದು ಕ್ಲಬ್ 6 ಕೋಟಿ ಪೌಂಡ್ ಕೊಟ್ಟು ಆಟಗಾರನೊಬ್ಬನನ್ನು 5 ವರ್ಷದ ಒಪ್ಪಂದದ ಮೇಲೆ ತಂದಿತು ಎಂದುಕೊಳ್ಳೋಣ. ಆ ಮೊತ್ತ ಒಂದೇ ವರ್ಷದ ಖರ್ಚಾಗಿ ಬೀಳುವುದಿಲ್ಲ. ಯಂತ್ರದ ಸವಕಳಿಯನ್ನು ಬರೆಯುವ ಹಾಗೆಯೇ ವರ್ಷಕ್ಕೆ 1.2 ಕೋಟಿಯಂತೆ ಹಂಚಿಹೋಗುತ್ತದೆ. ಎರಡು ವರ್ಷ ಕಳೆದಾಗ ಅವನ ಪುಸ್ತಕ ಬೆಲೆ 3.6 ಕೋಟಿ ಉಳಿದಿರುತ್ತದೆ. ಆಗ ಅವನನ್ನು 4 ಕೋಟಿಗೆ ಮಾರಿದರೆ ಲಾಭವೆಂದು ತೋರುವುದು 40 ಲಕ್ಷ ಮಾತ್ರ. ಅದೇ ಎಂಟನೆಯ ವಯಸ್ಸಿನಿಂದ ಅಕಾಡೆಮಿಯಲ್ಲೇ ಬೆಳೆದ ಹುಡುಗನನ್ನು ಯಾರಿಂದಲೂ ಕೊಂಡಿಲ್ಲವಾದ್ದರಿಂದ ಅವನ ಪುಸ್ತಕ ಬೆಲೆ ಏನೂ ಇಲ್ಲ. ಅವನನ್ನು 3 ಕೋಟಿಗೆ ಮಾರಿದರೆ ಮೂರಕ್ಕೆ ಮೂರೂ ಕೋಟಿ ಆ ವರ್ಷದ ಲಾಭವಾಗಿ ಜಮೆಯಾಗುತ್ತದೆ. ಇಬ್ಬರಲ್ಲಿ ಯಾರು ತಂಡಕ್ಕೆ ಹೆಚ್ಚು ಬೇಕಾದವರು ಎಂಬ ಪ್ರಶ್ನೆಯನ್ನು ಕೋಚ್ ಕೇಳಬೇಕು. ಆದರೆ ಅವರು ಕೇಳುವುದಕ್ಕೆ ಮೊದಲೇ ಲೆಕ್ಕದ ಪುಸ್ತಕ ಉತ್ತರ ಕೊಟ್ಟಿರುತ್ತದೆ.

ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಮೂರು ವರ್ಷಗಳ ಅವಧಿಗೆ ಹೆಚ್ಚೆಂದರೆ 10.5 ಕೋಟಿ ಪೌಂಡ್ ನಷ್ಟವನ್ನು ಮಾತ್ರ ಸಹಿಸುವ, 2025-26ರ ಋತುವಿನವರೆಗಿನ ನಿಯಮ ಈ ಲೆಕ್ಕಕ್ಕೆ ಬಲ ಕೊಟ್ಟಿತು. ಮಿತಿ ಮೀರಿದ ಕ್ಲಬ್‌ನ ಲೀಗ್ ಅಂಕಗಳನ್ನೇ ಕಡಿತ ಮಾಡುವ ನಿಯಮ ಅದಾಗಿತ್ತು. ಅಕಾಡೆಮಿಗೆ ಮಾಡಿದ ಖರ್ಚನ್ನು ಈ ನಷ್ಟದಲ್ಲಿ ಸೇರಿಸದೆ ಬಿಟ್ಟಿದ್ದು ಎಳೆಯರಿಗೆ ತರಬೇತಿ ಕೊಡುವ ಕ್ಲಬ್‌ಗಳಿಗೆ ಉತ್ತೇಜನ ಸಿಗಲಿ ಎಂಬ ಒಳ್ಳೆಯ ಉದ್ದೇಶದಿಂದ. ಪರಿಣಾಮ ಮಾತ್ರ ತಿರುಗುಮುರುಗಾಯಿತು: ಹುಡುಗನನ್ನು ಬೆಳೆಸಿದ ಖರ್ಚು ಲೆಕ್ಕಕ್ಕೆ ಬರಲಿಲ್ಲ, ಮಾರಿದ ಹಣ ಪೂರ್ತಿಯಾಗಿ ಬಂತು. ಮನೆಯಲ್ಲಿ ಬೆಳೆದವನನ್ನು ಉಳಿಸಿಕೊಳ್ಳಲಿ ಎಂದು ಮಾಡಿದ ನಿಯಮ ಅವನನ್ನೇ ಮೊದಲು ಹೊರಗೆ ಕಳಿಸುವ ದಾರಿಯಾಯಿತು.

2024ರ ಜೂನ್ ಕೊನೆಯ ವಾರವನ್ನು ನೆನಪಿಸಿಕೊಳ್ಳಬಹುದು. ಜೂನ್ 30ಕ್ಕೆ ಲೆಕ್ಕ ಮುಗಿಸಬೇಕಾಗಿದ್ದ ನ್ಯೂಕ್ಯಾಸಲ್ ಯುನೈಟೆಡ್, ತನ್ನದೇ ಅಕಾಡೆಮಿಯಲ್ಲಿ ಬೆಳೆದ ಮಿಡ್‌ಫೀಲ್ಡರ್ ಎಲಿಯಟ್ ಆಂಡರ್ಸನ್ ಅವರನ್ನು ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೂ, ತನ್ನ ಪರವಾಗಿ ಒಂದು ಪಂದ್ಯವನ್ನೂ ಆಡಿರದ ಯಾಂಕುಬಾ ಮಿಂಟೆ ಅವರನ್ನು ಬ್ರೈಟನ್‌ಗೂ ಮಾರಿತು. ಅದೇ ಹೊತ್ತಿನಲ್ಲಿ ಫಾರೆಸ್ಟ್‌ನಿಂದ ಗೋಲ್‌ಕೀಪರ್ ಓಡಿಸಿಯಾಸ್ ವ್ಲಾಖೊಡಿಮೊಸ್ ನ್ಯೂಕ್ಯಾಸಲ್‌ಗೆ ಬಂದರು. ಮುಂದಿನ ಋತುವಿನ ಲೀಗ್‌ನಲ್ಲಿ ಅವರಿಗೆ ಆಡುವ ಅವಕಾಶವೇ ಸಿಗಲಿಲ್ಲ. ಇತ್ತ ಆಂಡರ್ಸನ್ ಫಾರೆಸ್ಟ್‌ನ ನಡುಮೈದಾನದ ಆಧಾರವಾಗಿ, ಮರುವರ್ಷವೇ ಇಂಗ್ಲೆಂಡ್ ತಂಡದ ಅಂಗಿ ತೊಟ್ಟರು. ನ್ಯೂಕ್ಯಾಸಲ್ ಆ ಋತುವಿನಲ್ಲಿ ಲೀಗ್ ಕಪ್ ಗೆದ್ದಿತಲ್ಲ ಎಂದು ಯಾರಾದರೂ ಹೇಳಬಹುದು. ನಿಜ, ಗೆದ್ದಿತು, ಅಲ್ಲಿನ ಅಭಿಮಾನಿಗಳ ಸಂತೋಷದಲ್ಲಿ ನನಗೂ ಪಾಲಿದೆ. ಆದರೂ ಊರಿನ ಹುಡುಗ ಆಂಡರ್ಸನ್ ಆ ಕಪ್ ಎತ್ತುವಾಗ ಅಲ್ಲಿರಬೇಕಾಗಿತ್ತು, ಇರಲಿಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಫಾರೆಸ್ಟ್ ಕಥೆಯೂ ಇದೇ ಜಾಡಿನದು. ತನ್ನ ಅಕಾಡೆಮಿಯ ಬ್ರೆನನ್ ಜಾನ್ಸನ್ ಅವರನ್ನು 2023ರ ಜೂನ್ ಒಳಗೆ ಮಾರಿದ್ದರೆ ಆ ವರ್ಷದ ಲೆಕ್ಕ ಸರಿಹೋಗುತ್ತಿತ್ತು. ಹೆಚ್ಚಿನ ಬೆಲೆಗಾಗಿ ಕಾದು ಸೆಪ್ಟೆಂಬರ್ 1ರಂದು ಟಾಟನ್‌ಹ್ಯಾಮ್‌ಗೆ ಮಾರಿದ್ದರಿಂದ ಹಣ ಹೆಚ್ಚು ಬಂತು, ಆದರೆ ಗಡುವು ಮೀರಿತು. ಕ್ಲಬ್ 4 ಅಂಕ ಕಳೆದುಕೊಂಡಿತು. ಅದೇ ಜಾನ್ಸನ್ 2025ರ ಮೇ ತಿಂಗಳಲ್ಲಿ ಯುರೋಪಾ ಲೀಗ್ ಫೈನಲ್‌ನ ಏಕೈಕ ಗೋಲು ಹೊಡೆದು ಟಾಟನ್‌ಹ್ಯಾಮ್‌ಗೆ ಕಪ್ ತಂದುಕೊಟ್ಟರು. ಚೆಲ್ಸಿಯಂತೂ ಮೇಸನ್ ಮೌಂಟ್, ಲೂಯಿಸ್ ಹಾಲ್, ಇಯಾನ್ ಮಾಟ್ಸನ್, ಕಡೆಗೆ ತಂಡದ ನಾಯಕತ್ವವನ್ನೂ ವಹಿಸಿದ್ದ ಕಾನರ್ ಗ್ಯಾಲಗರ್ ಹೀಗೆ ಒಬ್ಬರ ಹಿಂದೆ ಒಬ್ಬರನ್ನು ಕಳಿಸಿತು.

ಮಾರುವುದರ ಪರವಾಗಿರುವವರು ಸಾಮಾನ್ಯವಾಗಿ ಮುಂದಿಡುವ ಮಾತು ತಂಡದ ಆಳ, ಅಂದರೆ ಮೊದಲ ಹನ್ನೊಂದು ಮಂದಿಯ ಹಿಂದೆ ಆಡಬಲ್ಲ ಇನ್ನಷ್ಟು ಜನ. ಈಗ ಪಂದ್ಯಗಳು ಹೆಚ್ಚಾಗಿವೆ. 2024ರಿಂದ ಯುರೋಪಿನ ಅಗ್ರ ಕ್ಲಬ್‌ಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಮೊದಲ ಹಂತದಲ್ಲೇ 6ರ ಬದಲು 8 ಪಂದ್ಯಗಳಿವೆ. ಒಂದು ಪಂದ್ಯದಲ್ಲಿ 5 ಬದಲಿ ಆಟಗಾರರನ್ನು ಇಳಿಸುವ ಅವಕಾಶ 2022ರಿಂದ ಕಾಯಂ ಆಗಿದೆ. ಹೀಗಿರುವಾಗ ಹನ್ನೊಂದು ಮಂದಿಯನ್ನು ನೆಚ್ಚಿಕೊಂಡು ಋತುವನ್ನು ದಾಟಿಸಲಾಗದು ಎಂಬುದು ಖಂಡಿತ ಸರಿ. ಆಳ ಬೇಕು ಎಂಬುದರಲ್ಲಿ ನನಗೆ ತಕರಾರಿಲ್ಲ. ಹೊರಗಿನಿಂದ ಕೊಂಡು ತಂದರೆ ಮಾತ್ರ ಆಳ ಬರುತ್ತದೆ ಎಂಬುದರಲ್ಲಿ ತಕರಾರಿದೆ. ಪ್ರೀಮಿಯರ್ ಲೀಗ್‌ನ 25 ಮಂದಿಯ ಪಟ್ಟಿಯಲ್ಲಿ 21 ವರ್ಷದೊಳಗಿನ ಆಟಗಾರರನ್ನು ಎಣಿಸುವುದೇ ಇಲ್ಲ. ಅಂದರೆ ಒಬ್ಬ ಎಳೆಯನನ್ನು ಉಳಿಸಿಕೊಂಡರೆ ಬೇರೊಬ್ಬರ ಸ್ಥಾನಕ್ಕೆ ಕುತ್ತಿಲ್ಲ, ಸಂಬಳದ ಹೊರೆಯೂ ಕಡಿಮೆ, ತಂಡದ ಆಟದ ರೀತಿಯನ್ನು ಅವನಿಗೆ ಹೊಸದಾಗಿ ಕಲಿಸಬೇಕಾಗಿಯೂ ಇಲ್ಲ.

2024ರ ಫೆಬ್ರವರಿ 25ರ ಲೀಗ್ ಕಪ್ ಫೈನಲ್ ನನ್ನ ಕಣ್ಣಿಗೆ ಕಟ್ಟಿದಂತಿದೆ. ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಒಂದು ಕಡೆ, ಎರಡು ವರ್ಷಗಳೊಳಗೆ ನೀರಿನಂತೆ ಹಣ ಸುರಿದು ಕಟ್ಟಿದ ಚೆಲ್ಸಿ; ಇನ್ನೊಂದು ಕಡೆ ಸಲಾ, ಅಲಿಸನ್, ಅಲೆಕ್ಸಾಂಡರ್-ಆರ್ನಾಲ್ಡ್, ನೂನ್ಯೆಸ್ ಮೊದಲಾದವರೆಲ್ಲ ಗಾಯದಿಂದ ಹೊರಗುಳಿದಿದ್ದ ಲಿವರ್‌ಪೂಲ್. ಆಟ ಶುರುವಾಗಿ ಅರ್ಧ ಗಂಟೆಯೊಳಗೆ ಗ್ರಾವೆನ್‌ಬರ್ಕ್ ಅವರನ್ನೂ ಸ್ಟ್ರೆಚರ್ ಮೇಲೆ ಹೊತ್ತು ಒಯ್ದರು. ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋದಾಗ ಕೆಂಪು ಅಂಗಿಯಲ್ಲಿ ಓಡುತ್ತಿದ್ದವರಲ್ಲಿ 19ರ ಬಾಬಿ ಕ್ಲಾರ್ಕ್ ಇದ್ದರು, 19ರ ಜೇಮ್ಸ್ ಮೆಕಾನೆಲ್ ಇದ್ದರು, ನಾಲ್ಕು ದಿನಗಳ ಹಿಂದಷ್ಟೇ ಮೊದಲ ಪಂದ್ಯ ಆಡಿದ್ದ 18ರ ಜೇಡನ್ ಡ್ಯಾನ್ಸ್ ಇದ್ದರು. ಚೆಂಡು ಕೈತಪ್ಪಿದಾಗಲೆಲ್ಲ ಆ ಹುಡುಗರು ಯಾರ ಕೂಗಿಗೂ ಕಾಯದೆ ತಮ್ಮ ತಮ್ಮ ಜಾಗಕ್ಕೆ ಹಿಂತಿರುಗುತ್ತಿದ್ದರು. ಹಿರಿಯರು ಎಲ್ಲಿ ನಿಲ್ಲುತ್ತಿದ್ದರೋ ಅಲ್ಲೇ ನಿಂತು, ಅವರು ಯಾವಾಗ ಮುನ್ನುಗ್ಗುತ್ತಿದ್ದರೋ ಆಗಲೇ ನುಗ್ಗುತ್ತಿದ್ದರು. 118ನೇ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡನ್ನು ವಾನ್ ಡೈಕ್ ತಲೆಯಿಂದ ಗೋಲಿಗೆ ಕಳಿಸಿದಾಗ ನನಗೆ ಗಂಟಲು ಕಟ್ಟಿತು. ನಾನು ಆ ಕ್ಲಬ್‌ನ ಅಭಿಮಾನಿಯಲ್ಲ. ತಂಡದ ಆಳ ಎಂಬ ಮಾತಿಗೆ ಅರ್ಥವಿದ್ದರೆ ಅದು ಆ ರಾತ್ರಿ ವೆಂಬ್ಲಿಯಲ್ಲಿ ಕಂಡದ್ದೇ ಎಂದು ನಂಬಿದ್ದೇನೆ.

ಅದೇ ವರ್ಷ ಮ್ಯಾಂಚೆಸ್ಟರ್ ಸಿಟಿಗೆ ಆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 2023ರ ಆಗಸ್ಟ್‌ನಲ್ಲಿ ಕಮ್ಯುನಿಟಿ ಶೀಲ್ಡ್‌ನಲ್ಲೂ ಯುಯೆಫಾ ಸೂಪರ್ ಕಪ್‌ನಲ್ಲೂ ಗೋಲು ಹೊಡೆದ ಕೋಲ್ ಪಾಮರ್ ಅವರನ್ನು ಸಿಟಿ ಸೆಪ್ಟೆಂಬರ್ 1ರಂದು ಸುಮಾರು 4 ಕೋಟಿ ಪೌಂಡ್‌ಗೆ ಚೆಲ್ಸಿಗೆ ಬಿಟ್ಟುಕೊಟ್ಟಿತು. ಹೆಚ್ಚು ಆಡಬೇಕೆಂಬ ಆಸೆ ಪಾಮರ್ ಅವರದೇ ಆಗಿತ್ತು, ಆದ್ದರಿಂದ ತಪ್ಪೆಲ್ಲ ಕ್ಲಬ್‌ನದು ಎನ್ನುವುದಿಲ್ಲ. ಆ ಋತುವಿನಲ್ಲೇ ಅವರು ಲೀಗ್‌ನಲ್ಲಿ 22 ಗೋಲು ಗಳಿಸಿದರು. ಸತತ ನಾಲ್ಕು ಬಾರಿ ಚಾಂಪಿಯನ್ ಆಗಿದ್ದ ಸಿಟಿಯಾದರೋ, 2024ರ ಸೆಪ್ಟೆಂಬರ್‌ನಲ್ಲಿ ನಡುಮೈದಾನದ ಆಟಗಾರ ರೋಡ್ರಿ ಮೊಣಕಾಲಿನ ಗಾಯದಿಂದ ಹೊರಬಿದ್ದ ಮೇಲೆ ತತ್ತರಿಸಿ ಮೂರನೆಯ ಸ್ಥಾನಕ್ಕೆ ಇಳಿಯಿತು. ಪಾಮರ್ ಇದ್ದಿದ್ದರೆ ರೋಡ್ರಿಯ ಜಾಗ ತುಂಬುತ್ತಿತ್ತು ಎಂದು ನಾನು ಹೇಳುತ್ತಿಲ್ಲ; ಇಬ್ಬರ ಕೆಲಸವೇ ಬೇರೆ. ಆದರೆ ಅಷ್ಟು ಸಿರಿವಂತ ಕ್ಲಬ್ ಕೂಡ ತನ್ನ ಮನೆಯ ಹುಡುಗನನ್ನು ಬಿಟ್ಟ ಮೇಲೆ ಗೋಲಿಗಾಗಿ, ಹೊಸ ಹುರುಪಿಗಾಗಿ ಬೆಂಚ್ ಕಡೆ ನೋಡಿದಾಗ ಅಲ್ಲಿ ಕಂಡದ್ದು ದಣಿದ ಮುಖಗಳು.

ಎಲ್ಲ ಕ್ಲಬ್‌ಗಳಿಗೂ ಉಳಿಸಿಕೊಳ್ಳುವ ಶಕ್ತಿ ಇಲ್ಲ ಎಂಬುದನ್ನು ನಾನು ಬಲ್ಲೆ. ಬರ್ಮಿಂಗ್‌ಹ್ಯಾಮ್ ಸಿಟಿ 2020ರಲ್ಲಿ 17ರ ಜೂಡ್ ಬೆಲ್ಲಿಂಗ್‌ಹ್ಯಾಮ್ ಅವರನ್ನು ಜರ್ಮನಿಯ ಡಾರ್ಟ್ಮಂಡ್ ಕ್ಲಬ್‌ಗೆ ಕಳಿಸದೆ ಬೇರೆ ದಾರಿ ಇರಲಿಲ್ಲ. ಪೋರ್ಚುಗಲ್, ನೆದರ್ಲೆಂಡ್ಸ್ ದೇಶಗಳ ದೊಡ್ಡ ಕ್ಲಬ್‌ಗಳೂ ಮಾರಿಯೇ ಬದುಕಬೇಕು. ಅಲ್ಲೂ ಎಷ್ಟು ಮಂದಿಯನ್ನು ಒಮ್ಮೆಗೆ ಬಿಡುತ್ತೀರಿ ಎಂಬುದು ಮುಖ್ಯ. ನೆದರ್ಲೆಂಡ್ಸ್‌ನ ಅಯಾಕ್ಸ್ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ತಲುಪಿದ 2019ರಲ್ಲೇ ಡಿ ಯೊಂಗ್ ಮತ್ತು ಡಿ ಲಿಕ್ಟ್ ಅವರನ್ನು ತಲಾ 7.5 ಕೋಟಿ ಯೂರೊಗೆ ಮಾರಿತು. ಆದರೆ ಜಿಯೆಶ್, ವಾನ್ ಡಿ ಬೇಕ್, ಒನಾನಾ, ಟ್ಯಾಲಿಯಾಫಿಕೊ ಇನ್ನೊಂದು ವರ್ಷವಾದರೂ ಉಳಿದರು, ಅವರ ನೆರಳಿನಲ್ಲಿ ಗ್ರಾವೆನ್‌ಬರ್ಕ್, ಟಿಂಬರ್ ಅಂಥವರು ಬೆಳೆದರು. 2021 ಮತ್ತು 2022ರಲ್ಲಿ ಕ್ಲಬ್ ಲೀಗ್ ಗೆದ್ದಿತು. 2022ರ ಬೇಸಿಗೆಯಲ್ಲಿ ಕೋಚ್ ಕೂಡ ಹೊರಟುಹೋದ ಹೊತ್ತಿಗೆ ಆ್ಯಂಟನಿ, ಲಿಸಾಂಡ್ರೊ ಮಾರ್ಟಿನೆಜ್, ಹಾಲರ್, ಗ್ರಾವೆನ್‌ಬರ್ಕ್ ಎಲ್ಲರನ್ನೂ ಒಟ್ಟಿಗೆ ಬಿಟ್ಟಿತು. ಖಜಾನೆ ತುಂಬಿತು. ಮುಂದಿನ ವರ್ಷ ಅಕ್ಟೋಬರ್‌ನಲ್ಲಿ ಅದೇ ಅಯಾಕ್ಸ್ ಡಚ್ ಲೀಗ್‌ನ ತಳದಲ್ಲಿತ್ತು. ಬಂದ ಹಣದಲ್ಲಿ ಹೊಸಬರನ್ನು ತರಲಿಲ್ಲವೆಂದಲ್ಲ, ಸಾಕಷ್ಟು ತಂದಿತು. ಒಬ್ಬರ ಆಟ ಒಬ್ಬರಿಗೆ ತಿಳಿಯದ ತಂಡವಾಗಿತ್ತು ಅದು.

ಹಾಗೆಂದು ಹುಡುಗನನ್ನು ಆಡಿಸದೆ ಕೂಡಿಹಾಕುವುದನ್ನು ನಾನು ಸಮರ್ಥಿಸುವುದಿಲ್ಲ. ಪಂದ್ಯದ 70ನೇ ನಿಮಿಷದಲ್ಲಿ ಅಂಚುಗೆರೆಯ ಉದ್ದಕ್ಕೂ ಓಡಿ ಮೈ ಬಿಸಿ ಮಾಡಿಕೊಂಡು, ಕೋಚ್ ತನ್ನತ್ತ ಒಮ್ಮೆಯಾದರೂ ತಿರುಗುತ್ತಾರೇನೋ ಎಂದು ನೋಡಿ, ಕೊನೆಗೆ ಕಳಚಿಟ್ಟ ಜಾಕೆಟನ್ನು ಮತ್ತೆ ತೊಟ್ಟು ಬೆಂಚಿಗೆ ಮರಳುವ ಹುಡುಗನನ್ನು ನಾವೆಲ್ಲರೂ ಕಂಡಿದ್ದೇವೆ. ವಾರಗಟ್ಟಲೆ ಹೀಗೇ ನಡೆದರೆ ಅದು ತಂಡದ ಆಳವಲ್ಲ, ಒಬ್ಬನ ಪ್ರಾಯವನ್ನು ವ್ಯರ್ಥ ಮಾಡುವುದು. 2012ರಲ್ಲಿ ಸರಿಯಾಗಿ ಅವಕಾಶ ಸಿಗದೆ ಒಪ್ಪಂದ ಮುಗಿಸಿ ಯುವೆಂಟಸ್‌ಗೆ ಹೊರಟ ಪಾಲ್ ಪೊಗ್ಬಾ ಅವರನ್ನು ಮ್ಯಾಂಚೆಸ್ಟರ್ ಯುನೈಟೆಡ್ ನಾಲ್ಕು ವರ್ಷಗಳ ನಂತರ 8.9 ಕೋಟಿ ಪೌಂಡ್ ಕೊಟ್ಟು ವಾಪಸು ತರಬೇಕಾಯಿತು. ಅವಕಾಶ ಕೊಡಲಾಗದಿದ್ದರೆ ರಿಯಲ್ ಮ್ಯಾಡ್ರಿಡ್ ಮಾಡಿದಂತೆ ಮಾಡಬಹುದು: 2012ರಲ್ಲಿ ಡಾನಿ ಕಾರ್ವಹಾಲ್ ಅವರನ್ನು 50 ಲಕ್ಷ ಯೂರೊಗೆ ಲೆವರ್‌ಕುಸೆನ್‌ಗೆ ಕಳಿಸುವಾಗಲೇ ಮರುಖರೀದಿಯ ಷರತ್ತು ಬರೆಸಿಕೊಂಡು, ಮರುವರ್ಷ 65 ಲಕ್ಷಕ್ಕೆ ಮರಳಿ ಪಡೆಯಿತು. ಜರ್ಮನಿಯಲ್ಲಿ ಒಂದಿಡೀ ಋತು ಆಡಿ ಬಲಿತು ಬಂದ ಆ ಬಲಬದಿಯ ಡಿಫೆಂಡರ್ 2024ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಮೊದಲ ಗೋಲು ಹೊಡೆದರು. ಲಿವರ್‌ಪೂಲ್ ಕೂಡ ಬಾಬಿ ಕ್ಲಾರ್ಕ್ ಅವರನ್ನು ಆಸ್ಟ್ರಿಯಾದ ಸಾಲ್ಸ್‌ಬರ್ಗ್ ಕ್ಲಬ್‌ಗೆ ಮಾರುವಾಗ ಮುಂದಿನ ಮಾರಾಟದಲ್ಲಿ ಪಾಲು ಇಟ್ಟುಕೊಂಡಿತು. ಇಂಥ ಮಾರಾಟ ನನಗೆ ಒಪ್ಪಿಗೆ. ಹುಡುಗನಿಗೆ ಆಟ ಸಿಗುತ್ತದೆ, ಕ್ಲಬ್‌ಗೆ ಅವನ ಮೇಲಿನ ಹಕ್ಕು ಪೂರ್ತಿ ಹೋಗುವುದಿಲ್ಲ.

ಆದ್ದರಿಂದ ಲೆಕ್ಕ ಬಲ್ಲವನಾಗಿ ನನ್ನದೊಂದು ಸಲಹೆ ಇದೆ. ಆಟಗಾರನನ್ನು ಕೊಂಡ ಖರ್ಚನ್ನು 5 ವರ್ಷಗಳವರೆಗೆ ಹಂಚುವ ಅನುಕೂಲವನ್ನು ಕ್ಲಬ್‌ಗಳಿಗೆ ಕೊಟ್ಟಿರುವಾಗ, ಅಕಾಡೆಮಿಯ ಹುಡುಗನನ್ನು ಮಾರಿದ ಲಾಭವನ್ನೂ ಲೀಗ್‌ನ ಹಣಕಾಸು ನಿಯಮದ ಮಟ್ಟಿಗೆ 5 ವರ್ಷಗಳಿಗೆ ಹಂಚಬೇಕೆಂದು ವಿಧಿಸಲಿ. ಕ್ಲಬ್‌ನ ಕಾನೂನುಬದ್ಧ ಲೆಕ್ಕಪತ್ರಗಳನ್ನು ಇದಕ್ಕಾಗಿ ಮುಟ್ಟಬೇಕಾಗಿಲ್ಲ, ನಿಯಮ ಪಾಲನೆಯನ್ನು ಅಳೆಯುವ ಪಟ್ಟಿಯಲ್ಲಿ ಒಂದು ಸಾಲು ಬದಲಾದರೆ ಸಾಕು. 3 ಕೋಟಿಗೆ ಮಾರಿದ ಹುಡುಗನಿಂದ ಆ ವರ್ಷಕ್ಕೆ ಸಿಗುವುದು 60 ಲಕ್ಷ ಮಾತ್ರವೆಂದಾದರೆ, ಜೂನ್ 30ರ ಗಡುವಿಗೆ ಹೆದರಿ ರಾತ್ರೋರಾತ್ರಿ ಎಳೆಯರನ್ನು ಸಾಗಹಾಕುವ ಅವಸರ ತಾನಾಗಿ ತಗ್ಗುತ್ತದೆ. ಹಣ ನಿಜವಾಗಿ ಬೇಕಾದ ಸಣ್ಣ ಕ್ಲಬ್‌ಗೆ ಇದರಿಂದ ತೊಂದರೆಯಿಲ್ಲ. ನಗದು ಕೈಗೆ ಬಂದೇ ಬರುತ್ತದೆ. ತೊಂದರೆಯಾಗುವುದು, ಹೊರಗಿನಿಂದ ಹತ್ತು ಮಂದಿಯನ್ನು ಕೊಂಡು ಆ ಹೊರೆಯನ್ನು ಮನೆಯ ಇಬ್ಬರು ಹುಡುಗರ ತಲೆಯ ಮೇಲೆ ಹೊರಿಸುವ ಕ್ಲಬ್‌ಗಳಿಗೆ ಮಾತ್ರ.

ಕೊನೆಯದಾಗಿ ನಿಮ್ಮಲ್ಲಿ ಒಂದು ಕೋರಿಕೆ. ವರ್ಗಾವಣೆಯ ಸುದ್ದಿಗಳನ್ನು ಪ್ರಕಟಿಸುವಾಗ ಆಟಗಾರ ಎಷ್ಟಕ್ಕೆ ಮಾರಾಟವಾದ ಎಂಬುದರ ಜೊತೆಗೆ, ಹಿಂದಿನ ಋತುವಿನಲ್ಲಿ ಅವನನ್ನು ಕ್ಲಬ್ ಎಷ್ಟು ನಿಮಿಷ ಆಡಿಸಿತ್ತು ಎಂಬುದನ್ನೂ ದಯವಿಟ್ಟು ಮುದ್ರಿಸಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ