ಹೈದನ ಕನ್ನಡಿಯ ವಿಚಾರ

ಬರ್ಮಿಂಗ್‌ಹ್ಯಾಮ್

ಅಕ್ಕನಿಗೆ ತಮ್ಮ ಮಾಡುವ ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ.

ನಿನ್ನ ಮಗ, ನಮ್ಮ ಹೈದನ ವಿಚಾರ ಫೋನಿನಲ್ಲಿ ಅರ್ಧಕ್ಕೇ ನಿಂತಿತು, ಅದಕ್ಕೇ ಕಾಗದ. ಮಂಡ್ಯದ ಬಿಸಿಲಿನಲ್ಲೂ ತುಂಬುತೋಳಿನ ಅಂಗಿ, ಮದುವೆ ಊಟ ತಪ್ಪಿಸಿಕೊಳ್ಳುವುದು, ಜಿಮ್ಮಿನಿಂದ ಬಂದಮೇಲೂ ಕನ್ನಡಿ ಮುಂದೆ ಅರ್ಧ ಗಂಟೆ. ಇದು ಶೋಕಿ ಅಲ್ಲ, ಅಕ್ಕ. ಭಾವನವರು ಹಾಗೆ ತಿಳಿದಿದ್ದರೆ ಅವರಿಗೂ ಇದನ್ನು ಓದಿಸು. ತೋಳು ದಪ್ಪಗಿದ್ದರೂ ತನ್ನ ಕಣ್ಣಿಗೆ ಸೊಣಕಲಾಗಿಯೇ ಕಾಣುವ ಈ ಸಂಕಟವನ್ನು ಅಮೆರಿಕದ ವೈದ್ಯರು 1993ರಲ್ಲೇ ಬರೆದಿಟ್ಟಿದ್ದಾರೆ. 1997ರಲ್ಲಿ ಅದಕ್ಕೆ ಮಸಲ್ ಡಿಸ್ಮಾರ್ಫಿಯಾ ಅಂತ ಹೆಸರಾಯಿತು. ಗೀಳು ಕಾಯಿಲೆಯ ದಾಯಾದಿ ಅದು. ಹೈದನಿಗಿರುವುದು ಅದೇನಾ ಅಂತ ಡಾಕ್ಟರೇ ನೋಡಿ ಹೇಳಬೇಕು. ಅದಾಗಿರಲಿ ಬಿಡಲಿ, ಮನೆಯಲ್ಲಿ ಮಾಡಬೇಕಾದ್ದು ಇದೇ.

ಮೊದಲು ಮಾತು. ‘ಕಡ್ಡಿ ಪೈಲ್ವಾನ್’ ಅನ್ನುವುದು ಇವತ್ತಿಗೆ ನಿಲ್ಲಬೇಕು. ‘ಈಗ ಚೆನ್ನಾಗಿ ಮೈಕೈ ತುಂಬಿಕೊಂಡಿದ್ದೀಯ’ ಅನ್ನುವುದೂ ನಿಲ್ಲಬೇಕು. ಹೊಗಳಿಕೆ ಕೇಳಿದ ಹುಡುಗ ನಾಳೆ ಅದು ಕರಗಿಹೋದರೆ ಏನು ಗತಿ ಅಂತ ಹೆದರುತ್ತಾನೆ. ‘ನಾನು ಸಣ್ಣಗಾಗಿದ್ದೀನಾ’ ಅಂತ ಅವನು ದಿನಕ್ಕೆ ಹತ್ತು ಸಲ ಕೇಳುತ್ತಾನೆ ಅಂದೆಯಲ್ಲ, ‘ಇಲ್ಲ ಕಣೋ’ ಅಂದರೆ ಹತ್ತು ನಿಮಿಷ ಸಮಾಧಾನ, ಮತ್ತೆ ಅದೇ ಪ್ರಶ್ನೆ. ನೀನು ಕೊಡುವ ಉತ್ತರವೇ ಗೀಳಿಗೆ ಕೂಳು. ಅವನು ನೆಮ್ಮದಿಯಾಗಿದ್ದಾಗ ಕೂರಿಸಿಕೊಂಡು, ‘ಆ ಪ್ರಶ್ನೆಗೆ ಇನ್ನು ನಾವ್ಯಾರೂ ಉತ್ತರ ಹೇಳೋಲ್ಲ, ಅದರಿಂದ ನಿನಗೆ ಒಳ್ಳೇದಾಗ್ತಿಲ್ಲ’ ಅಂತ ಮೊದಲೇ ಹೇಳಿಬಿಡು. ಆಮೇಲೆ ಕೇಳಿದರೆ, ‘ಮಾತಾಡಿಕೊಂಡಿದ್ದೀವಲ್ಲ, ಬಾ ಕಾಫಿ ಕುಡಿ.’ ಮೊದಲ ವಾರ ರೇಗುತ್ತಾನೆ, ಹೆಚ್ಚೇ ಕೇಳುತ್ತಾನೆ. ಆಗ ಕರಗಿ ಒಂದೇ ಒಂದು ಸಲ ಉತ್ತರ ಕೊಟ್ಟರೂ, ಪಟ್ಟು ಹಿಡಿದರೆ ಸಿಗುತ್ತೆ ಅಂತ ಕಲಿತುಬಿಡುತ್ತಾನೆ.

ಕನ್ನಡಿಯನ್ನು ತೆಗೆದಿಡಬೇಡ. ಹಾಗೆ ಮಾಡಿದ ಮನೆಗಳಲ್ಲಿ ಹುಡುಗರು ಬೈಕಿನ ಕನ್ನಡಿ, ಅಂಗಡಿ ಗಾಜು, ಮೊಬೈಲ್ ಕ್ಯಾಮೆರಾ ಹುಡುಕಿಕೊಳ್ಳುತ್ತಾರೆ. ಅವನೇ ಒಂದು ವಾರ, ದಿನಕ್ಕೆ ಎಷ್ಟು ಸಲ ನೋಡಿಕೊಂಡೆ ಅಂತ ಚೀಟಿಯಲ್ಲಿ ಗೀಟು ಹಾಕಲಿ. ಕಡಿಮೆ ಮಾಡುವ ಮಾತು ಆಗಲೇ ಬೇಡ, ಬರೀ ಎಣಿಕೆ. ಎರಡನೇ ವಾರದಿಂದ ನೋಡಬೇಕು ಅನ್ನಿಸಿದಾಗ 15 ನಿಮಿಷ ಮುಂದೂಡಲಿ. ಆ ತವಕ ಏರುತ್ತೆ, ನಿಲ್ಲುತ್ತೆ, ತಾನಾಗೇ ಇಳಿಯುತ್ತೆ. ಇಳಿಯುವುದನ್ನು ಅವನೇ ಕಂಡುಕೊಳ್ಳಬೇಕು, ಬಾಯಲ್ಲಿ ಹೇಳಿದರೆ ನಂಬುವುದಿಲ್ಲ. ಕ್ಷೌರಕ್ಕೋ ತಲೆ ಬಾಚುವುದಕ್ಕೋ ಕನ್ನಡಿ ಬೇಕಾದರೆ ಮೂರಡಿ ದೂರ ನಿಂತು ನೆತ್ತಿಯಿಂದ ಪಾದದವರೆಗೆ ನೋಡಲಿ. ಮೂಗು ತಾಗುವಷ್ಟು ಹತ್ತಿರ ನಿಂತರೆ ಒಂದೇ ಕೊರತೆ ಕನ್ನಡಿ ತುಂಬ ಕಾಣುತ್ತೆ. ಕಂಡದ್ದನ್ನು ಬಣ್ಣ, ಆಕಾರದ ಮಾತಿನಲ್ಲೇ ಹೇಳಿಕೊಳ್ಳಲಿ: ‘ಮೊಣಕೈ ಕೆಳಗೆ ಕಂದು, ತೋಳಿನ ಮೇಲೆ ತಿಳಿ, ಎಡಗಡೆ ಒಂದು ಮಚ್ಚೆ.’ ‘ಸೊಣಕಲು’ ಅನ್ನುವುದು ನೋಟ ಅಲ್ಲ, ತೀರ್ಪು.

ತುಂಬುತೋಳಿನದೂ ಹೀಗೇ ಮೆಟ್ಟಿಲು ಮೆಟ್ಟಿಲಾಗಿ. ಮನೆಯೊಳಗೆ ಅರ್ಧತೋಳು, ಆಮೇಲೆ ಹಾಲು ತರುವುದಕ್ಕೆ, ಆಮೇಲೆ ಸಂತೆಗೆ, ಕಡೆಗೆ ಮದುವೆಗೆ. ಒಂದು ಮೆಟ್ಟಿಲಲ್ಲಿ ಅಳುಕು ಅರ್ಧ ಇಳಿಯುವ ತನಕ ಮುಂದಿನದಕ್ಕೆ ದಬ್ಬಬೇಡಿ.

ಇನ್ನು ಊಟ. ಈ ಲೆಕ್ಕ ನಿನಗೆ ಮಾತ್ರ, ಗೀಳಿರುವವನ ಕೈಗೆ ಗ್ರಾಂ ಲೆಕ್ಕ ಕೊಟ್ಟರೆ ಅದೂ ಇನ್ನೊಂದು ಕನ್ನಡಿ. ಕಬ್ಬಿಣ ಎತ್ತುವ 65 ಕಿಲೋ ಹುಡುಗನಿಗೆ ಕಿಲೋಗೆ 1.6 ಗ್ರಾಂನಂತೆ ದಿನಕ್ಕೆ ಸುಮಾರು 104 ಗ್ರಾಂ ಪ್ರೋಟೀನ್ ಸಾಕು. ಅರ್ಧ ಲೀಟರ್ ಹಾಲಿನಲ್ಲಿ 16, ಮೂರು ಮೊಟ್ಟೆಯಲ್ಲಿ 18, 150 ಗ್ರಾಂ ಮೂಳೆಯಿಲ್ಲದ ಕೋಳಿಯಲ್ಲಿ 33ರ ಹತ್ತಿರ, 50 ಗ್ರಾಂ ಹುರುಳಿಕಾಳಿನ ಬಸ್ಸಾರಿನಲ್ಲಿ 11, ಒಂದು ಹಿಡಿ ಕಡಲೇಕಾಯಿಯಲ್ಲಿ 7, ಒಂದು ಬಟ್ಟಲು ಮೊಸರಿನಲ್ಲಿ 6, ನೂರು ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ 7. ಮೇಲೆ ಅನ್ನ ಇದ್ದೇ ಇದೆ. ಬಾಡು ಮಾಡದ ದಿನ 50 ಗ್ರಾಂ ಒಣ ಸೋಯಾ ಚಂಕ್ಸ್ ಬೇಯಿಸಿದರೆ 25 ಬಂತು. ಮುದ್ದೆ ಬಿಟ್ಟರೆ ಹೊಟ್ಟೆ ಕರಗುತ್ತೆ ಅನ್ನುವುದು ಸುಳ್ಳು. ತೂಕದ ಯಂತ್ರ ಒಂದೇ ದಿನದಲ್ಲಿ ಕಿಲೋ ಹೆಚ್ಚುಕಡಿಮೆ ತೋರಿಸಿದರೆ ಅದು ಉಪ್ಪು, ನೀರು, ಹೊಟ್ಟೆಯಲ್ಲಿರುವ ಊಟ. ಹದಿನೈದು ದಿನಕ್ಕೊಮ್ಮೆ ಹತ್ತಿದರೆ ಸಾಕು.

ಮೈಸೂರಿನ ದಸರಾ ಕುಸ್ತಿಗೆ ಅವನನ್ನು ಭಾವನವರು ಕರೆದುಕೊಂಡು ಹೋಗಲಿ. ಗರಡಿಯ ಕೆಮ್ಮಣ್ಣಿನಲ್ಲಿ ಪಳಗಿದ ಪೈಲ್ವಾನರಲ್ಲಿ ಹೊಟ್ಟೆ ಇರುವವರೂ ಇದ್ದಾರೆ, ಎದುರಾಳಿಯನ್ನು ಎತ್ತಿ ಚಿತ್ ಮಾಡುತ್ತಾರೆ. ಪೋಸ್ಟರಿನಲ್ಲಿ ಕಾಣುವ ಹೊಟ್ಟೆಯ ಗೆರೆಗಳಿಗೋಸ್ಕರ ಎಷ್ಟೋ ಮಂದಿ ಎರಡು ದಿನ ಮೊದಲಿಂದ ನೀರು ಬಿಡುತ್ತಾರೆ, ಮೈಗೆ ಎಣ್ಣೆ ಬಳಿದು ಮೇಲಿಂದ ದೀಪ ಬಿಡಿಸಿಕೊಳ್ಳುತ್ತಾರೆ. ಆ ಮೈ ಅವರಿಗೂ ಒಂದು ವಾರ ನಿಲ್ಲುವುದಿಲ್ಲ.

ನನಗೆ ನಿಜವಾಗಿ ಭಯ ಇರುವುದು ಸೂಜಿಯದು. ಬೆನ್ನು ಭುಜದ ಮೇಲೆ ಇದ್ದಕ್ಕಿದ್ದಂತೆ ಮೊಡವೆ, ಮೊಲೆತೊಟ್ಟಿನ ಹಿಂದೆ ನೋಯುವ ಗಂಟು, ತಿಂಗಳಲ್ಲಿ ಐದಾರು ಕಿಲೋ ತೂಕ ಏರುವುದು, ಕಾರಣವಿಲ್ಲದ ಸಿಟ್ಟು, ಇವು ಒಟ್ಟಿಗೆ ಕಂಡರೆ ಸ್ಟೆರಾಯ್ಡ್ ಇರಬಹುದು. ಗಂಟು ಒಂದೇ ಇದ್ದರೆ ಗಾಬರಿ ಬೇಡ, ಹರೆಯದ ಹುಡುಗರಿಗೆ ಬಂದು ಹೋಗುತ್ತೆ. ಹೊರಗಿನಿಂದ ಟೆಸ್ಟೋಸ್ಟಿರೋನ್ ಬಂದರೆ ಮೆದುಳು ವೃಷಣಕ್ಕೆ ಕೆಲಸ ನಿಲ್ಲಿಸು ಅನ್ನುತ್ತೆ, ವೃಷಣ ಕುಗ್ಗಿ ವೀರ್ಯಾಣು ಇಳಿಯುತ್ತೆ. ನಿಲ್ಲಿಸಿದಮೇಲೆ ಸರಿಹೋಗುವುದಕ್ಕೆ ತಿಂಗಳುಗಳು ಬೇಕು, ಆಗ ಮನಸ್ಸು ಪಾತಾಳಕ್ಕೆ ಇಳಿಯುತ್ತೆ. ಅದಕ್ಕೇ ಬೈದು ಕಿತ್ತುಕೊಂಡು ಬಿಸಾಡಬೇಡಿ, ಹಾರ್ಮೋನ್ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸೂಜಿ ಹಂಚಿಕೊಂಡಿದ್ದರೆ ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಪರೀಕ್ಷೆ ಆಗಲೇಬೇಕು. ‘ಬದುಕಿ ಏನು ಮಾಡಲಿ’ ಅಂತ ಒಂದು ಮಾತು ಬಂದರೂ ಒಬ್ಬನನ್ನೇ ಬಿಡಬೇಡ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಫೋನ್ ಮಾಡು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಮನೋವೈದ್ಯರನ್ನು ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಮಿಮ್ಸ್‌ನಲ್ಲೇ ನೋಡಬಹುದು, ಊರಿನವರ ಕಣ್ಣಿಗೆ ಬೀಳುತ್ತೇನೆ ಅಂದರೆ ಮೈಸೂರಿನ ಕೆ.ಆರ್. ಆಸ್ಪತ್ರೆ. ಮಾತ್ರೆ ಬರೆದರೆ ಗುಣ ಕಾಣಲು 12 ವಾರ ಹಿಡಿಯಬಹುದು, ಎರಡು ವಾರಕ್ಕೆ ಬಿಟ್ಟು ‘ಕೆಲಸ ಮಾಡಲಿಲ್ಲ’ ಅನ್ನಬೇಡಿ.

ಹಬ್ಬಕ್ಕೆ ಬಂದ ನೆಂಟರು ‘ಏನ್ಲಾ, ಸೊರಗೋಗಿದ್ದೀಯ’ ಅಂದರೆ ಅವನು ಬಾಯಿ ತೆರೆಯುವ ಮೊದಲೇ ನೀನು ನಡುವೆ ನುಗ್ಗಿ, ‘ನಿಮ್ಮ ಕಡೆ ನಾಲೆಗೆ ನೀರು ಬಿಟ್ಟರಾ’ ಅಂತ ಕೇಳಿಬಿಡು. ಭಾನುವಾರ ಸಂಜೆ ಹೈದನಿಗೆ ನಾನೇ ಫೋನ್ ಮಾಡುತ್ತೇನೆ. ಮೈ ವಿಚಾರ ಎತ್ತುವುದಿಲ್ಲ, ಅಳಿಯನ ಹತ್ತಿರ ಮಾತಾಡುವುದಕ್ಕೆ ಬೇರೆ ಬೇಕಾದಷ್ಟಿದೆ.

ಭಾವನವರಿಗೆ ನಮಸ್ಕಾರ ತಿಳಿಸು.

ನಿನ್ನ ತಮ್ಮ