ಥರ್ಮೋಸ್ಟಾಟ್ ಕಿತ್ತು ಬಿಸಾಡಬೇಡಿ, ಹೊಸದು ಹಾಕಿಸಿ

ಮಾನ್ಯ ಸಂಪಾದಕರೇ,

ಎಂಜಿನ್ ಬಿಸಿಯಾಗುತ್ತಿದೆ ಅಂತ ಗ್ಯಾರೇಜಿಗೆ ಹೋದರೆ ಈಗಲೂ ಎಷ್ಟೋ ಕಡೆ ಒಂದು ಮಾತು ಕೇಳಿಬರುತ್ತದೆ: "ಥರ್ಮೋಸ್ಟಾಟ್ ತೆಗೆದುಬಿಡೋಣ ಸರ್, ಅದಿಲ್ಲದಿದ್ರೂ ಗಾಡಿ ಓಡುತ್ತೆ." ಥರ್ಮೋಸ್ಟಾಟ್ ಅಂದರೆ ಎಂಜಿನ್ ತಂಪು ಮಾಡುವ ದ್ರವ (ಕೂಲಂಟ್), ಅದನ್ನು ಆರಿಸುವ ರೇಡಿಯೇಟರಿಗೆ ಹೋಗುವ ದಾರಿಯಲ್ಲಿರುವ ಪುಟ್ಟ ಬಾಗಿಲು. ನನಗೂ ಹಾಗೇ ಹೇಳಿದ್ದರು, ನಾನೂ ಹೂಂ ಅಂದೆ. ಆಮೇಲೆ ಟೆಂಪರೇಚರ್ ಮುಳ್ಳು ಕೆಳಗೇ ಮಲಗಿರುತ್ತಿತ್ತು. ಸದ್ಯ, ಎಂಜಿನ್ ತಣ್ಣಗಿದೆಯಲ್ಲ ಅಂದುಕೊಂಡೆ. ಕೆಲವು ತಿಂಗಳಲ್ಲಿ ಮೈಲೇಜ್ ಇಳಿಯಿತು, ಹೀಟರ್ ಹಾಕಿದರೆ ಉಗುರುಬೆಚ್ಚಗಿನ ಗಾಳಿಯೂ ಬರಲಿಲ್ಲ, ಚೆಕ್ ಎಂಜಿನ್ ದೀಪ ಹತ್ತಿಕೊಂಡಿತು. ಒಂದು ದಿನ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ನೋಡಿದರೆ ಅದರ ಒಳಮೈಗೆಲ್ಲ ಕೆನೆಯಂಥ ಜಿಗುಟು ಅಂಟಿತ್ತು.

ಕೆನೆ ಕಂಡರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ ಕೆಳಗಿನ ಸೀಲ್) ಹೋಗಿ ಕೂಲಂಟ್ ಆಯಿಲಿಗೆ ಸೇರುತ್ತಿದೆ ಅಂತ ಹೆದರಬೇಕಾಗುತ್ತದೆ, ಅದನ್ನು ಮೊದಲು ಪರೀಕ್ಷೆ ಮಾಡಿಸಲೇಬೇಕು. ನನ್ನ ಕಾರಿನಲ್ಲಿ ಗ್ಯಾಸ್ಕೆಟ್ ಸರಿಯಾಗಿಯೇ ಇತ್ತು. ಎಂಜಿನ್ ಸಾಕಷ್ಟು ಬಿಸಿಯಾಗದೆ ಒಳಗಿನ ನೀರಿನ ಪಸೆ ಆವಿಯಾಗದೇ ಉಳಿದು ಆಯಿಲ್ ಜೊತೆ ಸೇರಿಕೊಂಡಿತ್ತು, ಅಷ್ಟೇ.

ಥರ್ಮೋಸ್ಟಾಟ್ ಇರುವುದು ಎಂಜಿನ್ ತಂಪು ಮಾಡುವುದಕ್ಕೆ ಮಾತ್ರ ಅಂತ ತುಂಬಾ ಜನ ತಿಳಿದಿದ್ದಾರೆ. ಅದರ ಮೊದಲ ಕೆಲಸ ಎಂಜಿನ್ನನ್ನು ಬೇಗ ಬಿಸಿ ಮಾಡಿ, ಅದೇ ಬಿಸಿಯಲ್ಲಿ ಉಳಿಸುವುದು. ಒಳಗೆ ಒಂದು ಪುಟ್ಟ ಲೋಹದ ಡಬ್ಬಿ, ಅದರಲ್ಲಿ ಮೇಣ. ಕೂಲಂಟ್ ಕಾದಾಗ ಮೇಣ ಕರಗಿ ಹಿಗ್ಗುತ್ತದೆ, ಸ್ಪ್ರಿಂಗನ್ನು ಒತ್ತಿ ಬಾಗಿಲು ತೆರೆಯುತ್ತದೆ, ಆಗ ಕೂಲಂಟ್ ರೇಡಿಯೇಟರಿಗೆ ಹರಿಯುತ್ತದೆ. ಸಾಮಾನ್ಯವಾಗಿ 80ರಿಂದ 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ತೆರೆಯಲು ಶುರು. ಎಷ್ಟರಲ್ಲಿ ಅಂತ ಹೆಚ್ಚಿನವುಗಳ ಮೇಲೆಯೇ ಕೊರೆದಿರುತ್ತಾರೆ. ಬಾಗಿಲು ತೆರೆದೇ ಕಚ್ಚಿಕೊಂಡರೆ ನನ್ನ ಕಾರಿಗಾದದ್ದೇ ಆಗುತ್ತದೆ: ಎಂಜಿನ್ ಇನ್ನೂ ತಣ್ಣಗಿದೆ ಅಂತ ಕಂಪ್ಯೂಟರ್ ಜಾಸ್ತಿ ಇಂಧನ ಸುರಿಯುತ್ತದೆ. ಮುಚ್ಚಿಯೇ ಕಚ್ಚಿಕೊಂಡರೆ ಇನ್ನೂ ಅಪಾಯ, ಕೆಲವೇ ನಿಮಿಷದಲ್ಲಿ ಮುಳ್ಳು ಕೆಂಪಿಗೆ ಹೋಗುತ್ತದೆ, ಆಗಲೂ ಓಡಿಸುತ್ತಲೇ ಇದ್ದರೆ ಸಿಲಿಂಡರ್ ಹೆಡ್ ಸೊಟ್ಟಗಾಗಿಬಿಡಬಹುದು.

ಅದನ್ನು ತೆಗೆದರೆ ತಂಪಾಗಿಯೇ ಇರುತ್ತದೆ ಅನ್ನುವುದೂ ಪೂರ್ತಿ ನಿಜವಲ್ಲ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದುಕೊಳ್ಳುವಾಗಲೇ ಅದರ ಹಿಂಬದಿಯ ತಟ್ಟೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ ಆ ದಾರಿ ಸದಾ ತೆರೆದೇ ಇರುತ್ತದೆ, ಒಂದಷ್ಟು ಕೂಲಂಟ್ ರೇಡಿಯೇಟರ್ ಮುಟ್ಟದೆಯೇ ವಾಪಸ್ ಎಂಜಿನ್ನಿಗೆ ಹೋಗುತ್ತದೆ, ಏರು ರಸ್ತೆಯಲ್ಲಿ ಲೋಡ್ ಬಿದ್ದಾಗ ಮತ್ತೆ ಬಿಸಿ! ನನ್ನ ವಿಷಯದಲ್ಲಂತೂ ಮೂಲ ತೊಂದರೆ ಇದ್ದದ್ದು ಅರ್ಧ ಕಟ್ಟಿಕೊಂಡ ರೇಡಿಯೇಟರಿನಲ್ಲಿ. ಥರ್ಮೋಸ್ಟಾಟ್ ಕಿತ್ತದ್ದರಿಂದ ಆ ತೊಂದರೆ ಗೊತ್ತಾಗದ ಹಾಗೆ ಮರೆಯಾಯಿತು ಅನ್ನುವುದೇ ನನಗಿರುವ ಬೇಸರ.

ಪರೀಕ್ಷೆ ಮಾಡುವುದು ಕಷ್ಟವೇ ಅಲ್ಲ. ಬಿಚ್ಚಿದ ಥರ್ಮೋಸ್ಟಾಟನ್ನು ದಾರಕ್ಕೆ ಕಟ್ಟಿ, ತಳ ತಾಗದ ಹಾಗೆ ನೀರಿನ ಪಾತ್ರೆಯಲ್ಲಿ ಇಳಿಬಿಡಿ, ಪಕ್ಕದಲ್ಲಿ ಥರ್ಮಾಮೀಟರ್ ಇರಲಿ, ನಿಧಾನವಾಗಿ ಕಾಯಿಸಿ. ಅಡುಗೆ ಪಾತ್ರೆ ಬೇಡ, ಹಳೇ ಡಬ್ಬಿ ಸಾಕು. ಬರೆದ ಡಿಗ್ರಿಯ ಹತ್ತಿರ ಬಾಗಿಲು ಮೆಲ್ಲಗೆ ತೆರೆಯುವುದು ಕಣ್ಣಿಗೇ ಕಾಣುತ್ತದೆ. ನೀರು ಕುದ್ದರೂ ತೆರೆಯದಿದ್ದರೆ, ತಣ್ಣಗಾದ ಮೇಲೂ ಮುಚ್ಚದಿದ್ದರೆ, ಹೊಸದು ಬೇಕು.

ಹೊಸದು ಹಾಕುವಾಗ ಅದೇ ಡಿಗ್ರಿಯದ್ದೇ ಇರಲಿ, ಗ್ಯಾಸ್ಕೆಟ್ ಅಥವಾ ರಬ್ಬರ್ ರಿಂಗ್ ಕೂಡ ಹೊಸದಿರಲಿ. ಮೇಣದ ಡಬ್ಬಿಯ ಕಡೆ ಎಂಜಿನ್ನಿನತ್ತ ಇರಬೇಕು. ಗಾಳಿ ಬಿಡುವ ಪುಟ್ಟ ತೂತು ಇದ್ದರೆ ಅದು ಸಾಮಾನ್ಯವಾಗಿ ಮೇಲ್ಗಡೆಗೆ ಬರಬೇಕು, ಸುಮ್ನೆ ಹೇಗೋ ತುರುಕಿದರೆ ಗಾಳಿ ಸಿಕ್ಕಿಕೊಳ್ಳುತ್ತದೆ. ಹೊಸ ಥರ್ಮೋಸ್ಟಾಟ್ ಹಾಕಿದ ಮೇಲೂ ಬಿಸಿಯಾಗುತ್ತಿದೆ ಅಂತ ಬರುವ ದೂರುಗಳಲ್ಲಿ ಎಷ್ಟೋ ಸಲ ಕಾರಣ ಈ ಗಾಳಿಯೇ. ಹಾಗಾಗಿ ಕೂಲಂಟ್ ತುಂಬಿದ ಮೇಲೆ ಕಂಪನಿ ಪುಸ್ತಕದಲ್ಲಿ ಹೇಳಿದ ಹಾಗೆ ಗಾಳಿ ಹೊರಗೆ ಹಾಕಿದರಾ ಅಂತ ಕೇಳಿ. ಕೂಲಂಟ್ ಬದಲು ನಲ್ಲಿ ನೀರು ಸುರಿಯಲು ಬಿಡಬೇಡಿ. ಅದರಲ್ಲಿರುವ ಲವಣ ಒಳಗೆ ಪದರಗಟ್ಟುತ್ತದೆ, ತುಕ್ಕೂ ಹಿಡಿಯುತ್ತದೆ, ಹೊಸ ಥರ್ಮೋಸ್ಟಾಟೂ ಮತ್ತೆ ಕಚ್ಚಿಕೊಳ್ಳುತ್ತದೆ.

ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ. ಒಳಗೆ ಒತ್ತಡ ಇರುವುದರಿಂದ ಕೂಲಂಟ್ 100 ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ, ಮುಚ್ಚಳ ಸಡಿಲಿಸಿದ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ನೆಲಕ್ಕೆ ಚೆಲ್ಲಿದ ಹಳೇ ಕೂಲಂಟನ್ನು ಆಗಲೇ ಒರೆಸಿ ತೊಳೆದುಬಿಡಿ. ಅದರಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ಸಿಹಿ, ಆದರೆ ವಿಷ. ನಾಯಿ, ಬೆಕ್ಕು ನೆಕ್ಕಿದರೆ ಬದುಕುವುದು ಕಷ್ಟ.

ಇಂತಿ,
ನಿಮ್ಮ ಓದುಗ