ಗಾಡಿಯೇ ಇಲ್ಲದ ಹುಡುಗ ಸೊಲ್ಯೂಷನ್ ಕೇಳಿದರೆ

ಶಿವಮೊಗ್ಗ ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರ.

ತೀರ್ಥಹಳ್ಳಿ ಕಡೆ ರಸ್ತೆ ಬದಿಯಲ್ಲಿ ನನ್ನದೊಂದು ಪಂಕ್ಚರ್ ಅಂಗಡಿ ಇದೆ. ಹೋದ ಮಳೆಗಾಲದಲ್ಲಿ ಒಬ್ಬ ಹುಡುಗ ಬಂದು ಎರಡು ಸೊಲ್ಯೂಷನ್ ಟ್ಯೂಬ್, ಅಂದರೆ ಪಂಕ್ಚರ್‌ಗೆ ಹಚ್ಚುವ ಅಂಟು, ಕೇಳಿದ. ಒಂಬತ್ತನೇ ಕ್ಲಾಸಿನವನು. ಕೊಟ್ಟೆ. ಮೂರು ದಿನ ಬಿಟ್ಟು ಮತ್ತೆ ಬಂದ. ಆಮೇಲೆ ದಿನಾ ಬರತೊಡಗಿದ. "ಗಾಡಿ ಎಲ್ಲಿ ನಿಂತಿದೆ ಮಾರಾಯ, ನಾನೇ ಬಂದು ಪಂಕ್ಚರ್ ಹಾಕಿಕೊಡ್ತೀನಿ" ಅಂದೆ. ಉತ್ತರ ಇಲ್ಲ. ಕೊಡೆ ಇಲ್ಲದೆ ತೊಯ್ದು ತೊಪ್ಪೆಯಾಗಿದ್ದ. ಮೂಗಿನ ಕೆಳಗೆ, ಬಾಯಿಯ ಸುತ್ತ ಚರ್ಮ ಕೆಂಪಾಗಿ ಒಡೆದಿತ್ತು. ಶರ್ಟಿನ ತೋಳಿನಿಂದ ನನ್ನ ಅಂಗಡಿಯದೇ ವಾಸನೆ. ಅವನು ಅದನ್ನು ನಶೆಗಾಗಿ ಮೂಸುತ್ತಿದ್ದ. ಅಷ್ಟು ದಿನ ನಾನು ಏನು ಮಾರುತ್ತಿದ್ದೆ ಅಂತ ಅವತ್ತು ಗೊತ್ತಾಯಿತು.

ಗಾಂಜಾ ಬಗ್ಗೆ ತಾವು ಸಭೆ ಮಾಡುತ್ತೀರಿ, ಮಾಡಲೇಬೇಕು. ಆದರೆ ಸೊಲ್ಯೂಷನ್, ಪೇಂಟಿಗೆ ಬೆರೆಸುವ ಥಿನ್ನರ್‌ನಂಥವು ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿಲ್ಲ. ದೇಶದಲ್ಲಿ ಯಾರು ಯಾವ ನಶೆ ಮಾಡುತ್ತಾರೆ ಎಂದು ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಆಸ್ಪತ್ರೆಯವರು ಮಾಡಿದ ಸಮೀಕ್ಷೆಯ ವರದಿ 2019ರಲ್ಲಿ ಬಂತು. ದೊಡ್ಡವರಿಗಿಂತ ಮಕ್ಕಳಲ್ಲೇ ಜಾಸ್ತಿ ಕಂಡ ನಶೆ ಅದರಲ್ಲಿ ಈ ಮೂಸುವ ನಶೆಯೊಂದೇ. 10ರಿಂದ 17 ವರ್ಷದವರಲ್ಲಿ ಶೇ 1.17, ದೊಡ್ಡವರಲ್ಲಿ ಶೇ 0.58. ಅಗ್ಗ, ಎಲ್ಲಿ ಬೇಕಾದರೂ ಸಿಗುತ್ತೆ, ಕೇಳುವವರಿಲ್ಲ. ಮೊದಲ ಸಲ ಮೂಸಿದಾಗಲೇ ಎದೆಬಡಿತ ತಪ್ಪಿ ಜೀವ ಹೋಗಬಹುದು ಎಂದು ಡಾಕ್ಟರೊಬ್ಬರು ಹೇಳಿದಾಗ ನನ್ನ ಕೈಕಾಲು ತಣ್ಣಗಾಯಿತು.

ಹುಡುಗನ ತಾಯಿ ಅಡಿಕೆ ಸುಲಿಯಲು ಹೋಗುವವರು. ನಾನೇ ಮನೆಗೆ ಹೋಗಿ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಸುಮ್ನೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ಶಾಲೆಯವರಿಗೆ ಗೊತ್ತಾಗಿದ್ದೇ ತಡ, ಟಿಸಿ ಕೊಟ್ಟು ಕಳಿಸಿದರು. ಚಿಕಿತ್ಸೆಗೆ ಶಿವಮೊಗ್ಗಕ್ಕೆ ಹೋಗಿ ಅಂದರು. ಹತ್ತಿರ ಹತ್ತಿರ 60 ಕಿಲೋಮೀಟರ್. ಹೋಗಿ ಬಂದರೆ ಒಂದು ದಿನದ ಕೂಲಿ ಹೋಯಿತು. ಮೂರು ಸಲ ಕರೆದುಕೊಂಡು ಹೋದರು. ಅಷ್ಟರಲ್ಲಿ ಸುಲಿತದ ಕಾಲ ಬಂತು, ನಾಲ್ಕನೇ ಸಲ ಹೋಗಲಾಗಲಿಲ್ಲ. ಅವರನ್ನು ದೂರುವುದು ಹೇಗೆ ಹೇಳಿ?

ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ 'ಮನೋಚೈತನ್ಯ' ಎಂಬ ಕಾರ್ಯಕ್ರಮ ನಮ್ಮ ರಾಜ್ಯದಲ್ಲೇ ಇದೆ. ಆ ತಾಯಿಗೆ ಅದನ್ನು ಯಾರೂ ಹೇಳಿರಲಿಲ್ಲ. ನನಗೂ ತಡವಾಗಿ ಗೊತ್ತಾಯಿತು. ನಶೆ ಬಿಡಲು ನೆರವಾಗುವ 14446 ಎಂಬ ಸಹಾಯವಾಣಿಯೂ ಹಾಗೇ. ದಯವಿಟ್ಟು ಇವೆರಡನ್ನೂ ಪ್ರತಿ ಶಾಲೆಯ ಗೋಡೆಗೆ, ಪ್ರತಿ ಬಸ್ ಸ್ಟ್ಯಾಂಡಿಗೆ ಬರೆಸಿ. ತಾಲ್ಲೂಕು ಆಸ್ಪತ್ರೆಯಲ್ಲಿ ಈ ಮಕ್ಕಳಿಗೆಂದೇ ಸಂಜೆ ಎರಡು ಗಂಟೆ ಹೊತ್ತು ಮೀಸಲಿಡಿಸಿ. ಕೂಲಿಯವರು ಸಂಜೆಯಾದರೆ ಬರಬಲ್ಲರು.

ಇನ್ನು ಟಿಸಿ ವಿಷಯ. ಶಾಲೆಯಲ್ಲಿದ್ದರೆ ಮೇಷ್ಟ್ರಾದರೂ ದಿನಾ ಅವನ ಮುಖ ನೋಡುತ್ತಾರೆ. ಹೊರಗೆ ಹಾಕಿದ ಮೇಲೆ ನೋಡುವವರು ಯಾರು? ನಶೆಯ ಕಾರಣಕ್ಕೆ ಯಾವ ಮಗುವನ್ನೂ ಹೊರಗೆ ಹಾಕಬಾರದು ಎಂದು ಒಂದು ಸುತ್ತೋಲೆ ಹೊರಡಿಸಿ.

ಗಾಡಿ ತೋರಿಸದೆ ನಾನೀಗ ಯಾರಿಗೂ ಟ್ಯೂಬ್ ಕೊಡುವುದಿಲ್ಲ. ಆದರೆ ನಾನೊಬ್ಬ ಕೊಡದಿದ್ದರೆ ಇನ್ನೊಂದು ಅಂಗಡಿಯಲ್ಲಿ ಸಿಗುತ್ತೆ ಅಲ್ವಾ? ನಮ್ಮನ್ನೆಲ್ಲ ಒಂದು ದಿನ ಕರೆದು ಕೂರಿಸಿ ಮಾತಾಡಿ. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ, ಗೊತ್ತಾದರೆ ಕೊಡುವುದಿಲ್ಲ.

ಆ ಹುಡುಗ ಈಗ ತೋಟದ ಕೆಲಸಕ್ಕೆ ಹೋಗುತ್ತಾನೆ. ಜೂನ್‌ಗೆ ಮುಂಚೆ ಅವನಿಗೆ ಒಂಬತ್ತನೇ ಕ್ಲಾಸಿನಲ್ಲಿ ಮತ್ತೆ ಜಾಗ ಸಿಗುವ ಹಾಗೆ ಮಾಡಿ. ಫೀಸು, ಪುಸ್ತಕ ನಾನು ನೋಡಿಕೊಳ್ಳುತ್ತೇನೆ.

ಇಂತಿ,
ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಪಂಕ್ಚರ್ ಅಂಗಡಿಯವನು